ರೋಮಿಂಗ್ ಎಚ್ಚರಿಕೆ ಕನ್ನಡದಲ್ಲಿ ಬರಲಿ

ಮಾನ್ಯರೇ,

ಮಗಳ ಬಾಣಂತನಕ್ಕೆಂದು ಸಿಂಗಪುರಕ್ಕೆ ಹೋದವಳು ಚಾಂಗಿ ವಿಮಾನ ನಿಲ್ದಾಣದಲ್ಲಿ ಮೊಬೈಲ್ ಆನ್ ಮಾಡಿದೆ, ಅಷ್ಟೇ. ಒಂದು ಕರೆಯನ್ನೂ ಮಾಡಲಿಲ್ಲ. ಡೇಟಾ ರೋಮಿಂಗ್ (ಪರದೇಶದ ನೆಟ್‌ವರ್ಕ್‌ನಲ್ಲಿ ಊರಿನ ಸಿಮ್‌ನಿಂದಲೇ ಇಂಟರ್ನೆಟ್ ಬಳಸುವ ವ್ಯವಸ್ಥೆ) ತೆರೆದೇ ಇದ್ದುದರಿಂದ ಫೋಟೊಗಳು ತಾವಾಗಿಯೇ ಅಪ್‌ಲೋಡ್ ಆಗತೊಡಗಿದ್ದವು. ಬಿಲ್ ಕಂಡ ಯಜಮಾನರು, ‘ಇಷ್ಟರಲ್ಲಿ ಓಣಿಗೆಲ್ಲ ಬೆಣ್ಣೆದೋಸೆ ತಿನ್ನಿಸಬಹುದಿತ್ತು’ ಎಂದರು. ಕಂಪನಿಯ ಎಚ್ಚರಿಕೆ ಬಂದಿತ್ತು ನಿಜ, ಇಂಗ್ಲಿಷಿನಲ್ಲಿ. ನನ್ನ ಕನ್ನಡಕವೋ ಚೀಲದ ತಳದಲ್ಲಿತ್ತು!

ಆಮೇಲೆ ಅಳಿಯ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಮೊಬೈಲ್‌ನೊಳಗೇ ಕೂರುವ ಸಿಮ್, ಹಾಕಿಕೊಟ್ಟರು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಊರಿನ ಸಿಮ್ ಬ್ಯಾಂಕಿನ ಒಟಿಪಿಗಾಗಿ ಒಳಗೇ ಉಳಿಯಿತು, ವಾಟ್ಸ್‌ಆ್ಯಪ್ ಸಂಖ್ಯೆಯೂ ಬದಲಾಗಲಿಲ್ಲ. ಹಳೆಯ ಮೊಬೈಲ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಸಿಮ್ ಕೊಡುವಾಗ ಕನ್ನಡದಲ್ಲಿ ನಗುತ್ತ ಮಾತನಾಡುವ ಕಂಪನಿಗಳು ಎಚ್ಚರಿಕೆಯನ್ನೂ ಕನ್ನಡದಲ್ಲೇ ಕಳುಹಿಸಲಿ.

– ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ