ಈ ರವಿವಾರ: ಹೊಟ್ಟಿಯೊಳಗ ಮರಿ ಬೆಳೆಸಿದ ಕಪ್ಪಿ

ಎಲ್ಲರಿಗೂ ಶರಣ್ರಿ. ರವಿವಾರ ಮುಂಜಾನೆ 7ಕ್ಕ ಅಪ್ಪನ ಕೆರಿ ದಂಡಿಗೆ ಮಕ್ಕಳನ್ನ ಕರಕೊಂಡು ಬರ್ರಿ. ಈ ಸಲ ಅಳಿದುಹೋದ ಪ್ರಾಣಿಗಳ ಮಾತು.

ಡೋಡೋ ಹಕ್ಕಿ ಬ್ಯಾಡ, ಅದು ಎಲ್ಲರಿಗೂ ಗೊತ್ತದ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ದಾಗ ಒಂದು ಕಪ್ಪಿ ಇತ್ತು. ತಾಯಿ ತತ್ತಿ ನುಂಗಿ, ಜಠರದಾಗೇ ಮರಿ ಬೆಳೆಸಿ, ಬಾಯಿಂದ ಹೊರಗ ಬಿಡತಿತ್ತು! ಅಲ್ಲಿತನಕ ಉಪವಾಸ. ತತ್ತಿ-ಮರಿಗಳಿಂದ ಬರೋ ರಾಸಾಯನಿಕಾನೇ ಜಠರದ ಆಮ್ಲ ತಡೀತಿತ್ತು. 1980ರ ದಶಕದಾಗ ಕಾಣೆಯಾತು.

ನಮ್ಮ ದೇಶದ ಚೀತಾ ಅಳಿದದ ಅಂತ ಘೋಷಿಸಿದ್ದು 1952ರಾಗ. ಅದರ ಬ್ಯಾಟಿ ಕೃಷ್ಣಮೃಗ ಬೀದರ ಕಡಿ ಇನ್ನೂ ಜಿಗದಾಡತಾವ. 2022ರಾಗ ನಮ್ಮ ದೇಶಕ್ಕ ಬಂದವು ಆಫ್ರಿಕಾದ ನಮೀಬಿಯಾದ ಚೀತಾ.

ಇನ್ನೊಂದು, ಗುಂಪಿನಾಗ ಚಿರತಿ ಫೋಟೊ ಹಾಕಿ ಚೀತಾ ಅನ್ನಬ್ಯಾಡ್ರಿ. ಚೀತಾಕ್ಕ ಕಣ್ಣಿಂದ ಬಾಯಿತನಕ ಕರಿ ಗೆರಿ ಇರತದ, ನೋಡಿ ಹಾಕ್ರಿ.