ಒಂದು ದಿನಕ್ಕೆ ಎರಡು ಕೆರೆ ಸಾಕು

ಮಾನ್ಯ ಸಂಪಾದಕರೇ,

ವಾರಾಂತ್ಯ ಹತ್ತಿರ ಬಂತೆಂದರೆ ಪತ್ರಿಕೆಗಳ ಪ್ರವಾಸ ಪುಟದಲ್ಲಿ ಇಡೀ ಚಿಕ್ಕಮಗಳೂರು ಒಂದೇ ದಿನದಲ್ಲಿ ಮುಗಿದುಹೋಗುತ್ತದೆ. ನಸುಕಿನಲ್ಲಿ ಬೆಂಗಳೂರು ಬಿಡುವುದು, ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ದತ್ತಪೀಠ, ಮಾಣಿಕ್ಯಧಾರಾ ನೋಡುವುದು, ‘ಸಮಯವಿದ್ದರೆ’ ಹಿರೇಕೊಳಲೆ ಕೆರೆ ಮತ್ತು ಅಯ್ಯನಕೆರೆ! ಹೋಗಿ ಬರುವ ದಾರಿಗೇ ಒಂಬತ್ತು ಹತ್ತು ತಾಸು ಬೇಕು. ಉಳಿದದ್ದರಲ್ಲಿ ಅರ್ಧ ಗಿರಿಯ ಕಿರಿದಾದ ತಿರುವುಗಳಲ್ಲಿ ಮುಂದಿನ ಕಾರಿನ ನಂಬರ್ ಪ್ಲೇಟ್ ನೋಡುವುದರಲ್ಲಿ ಕಳೆಯುತ್ತದೆ. ಕೆರೆಗೆ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ, ಮಕ್ಕಳು ನಿದ್ದೆ ಹೋಗಿರುತ್ತವೆ.

ಅಯ್ಯನಕೆರೆಯ ಅಚ್ಚುಕಟ್ಟಿನಲ್ಲಿ ತೋಟ ಮಾಡಿಕೊಂಡಿರುವ ನನ್ನ ಸಲಹೆ ಇಷ್ಟೇ: ಈ ಪಟ್ಟಿಯನ್ನು ತಲೆಕೆಳಗು ಮಾಡಿ. ಗಿರಿಯನ್ನು ರಾತ್ರಿ ಉಳಿಯಲು ಬಂದ ದಿನಕ್ಕೆ ಬಿಟ್ಟು, ಒಂದು ದಿನದ ಪ್ರವಾಸಕ್ಕೆ ಎರಡು ಕೆರೆಗಳನ್ನಷ್ಟೇ ಇಟ್ಟುಕೊಳ್ಳಿ.

ಹಾಸನದ ಹೆದ್ದಾರಿ ಬಿಟ್ಟು ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ಮಾರ್ಗವಾಗಿ ಬನ್ನಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ದಾರಿಯಲ್ಲೇ ಸಿಗುತ್ತದೆ, ತಿಂಡಿಯ ಚಿಂತೆಯಿಲ್ಲ. ಕಡೂರಿನಿಂದ ಚಿಕ್ಕಮಗಳೂರಿನ ಕಡೆ ತಿರುಗಿದರೆ ಸಖರಾಯಪಟ್ಟಣ, ಅಲ್ಲಿಂದ ಒಳಗೆ ಹೋದರೆ ಅಯ್ಯನಕೆರೆ. ಘಾಟಿ ಇಲ್ಲ, ಚೆಕ್‌ಪೋಸ್ಟ್ ಇಲ್ಲ. ಕಾರಿಲ್ಲದವರು ಬೆಂಗಳೂರು–ಶಿವಮೊಗ್ಗ ರೈಲಿನಲ್ಲಿ ಕಡೂರಿಗೆ ಬಂದು ಚಿಕ್ಕಮಗಳೂರು ಬಸ್ ಹತ್ತಬಹುದು. ಸಖರಾಯಪಟ್ಟಣದಲ್ಲಿ ಇಳಿದು ಆಟೊ ಹಿಡಿಯಬೇಕಾಗುತ್ತದೆ ಅಷ್ಟೆ. ಬಾಬಾಬುಡನ್ ಸಾಲು ಪಡುವಣಕ್ಕಿರುವುದರಿಂದ ಮಧ್ಯಾಹ್ನದೊಳಗೆ ಬಂದವರಿಗೆ ಗುಡ್ಡಗಳ ಮೈ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಏರಿಯ ಮೇಲೆ ನಿಂತರೆ ಶಕುನಗಿರಿ ಎದುರಿಗೇ. ಊಟ ಮುಗಿಸಿ, ಚಿಕ್ಕಮಗಳೂರಿನಿಂದ ಸುಮಾರು 10 ಕಿ.ಮೀ. ದೂರದ ಹಿರೇಕೊಳಲೆಗೆ ನಾಲ್ಕರ ಸುಮಾರಿಗೆ ತಲುಪಿದರೆ ಸೂರ್ಯ ಗುಡ್ಡದ ಹಿಂದೆ ಸರಿಯುವುದನ್ನು ನೋಡಿ ಹೊರಡಬಹುದು.

ಯಾವ ತಿಂಗಳು ಬರಬೇಕು ಎಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಅಯ್ಯನಕೆರೆ ತುಂಬುವುದು ನಮ್ಮೂರಿನ ಮಳೆಯಿಂದಲ್ಲ. ಸಖರಾಯಪಟ್ಟಣ ಗಿರಿಸಾಲಿನ ಮಳೆನೆರಳಿನಲ್ಲಿದೆ. ಇಲ್ಲಿ ತುಂತುರು ಬೀಳುತ್ತಿರುವಾಗ ಗಿರಿಯ ಮೇಲೆ ಹಗಲು ರಾತ್ರಿ ಸುರಿಯುತ್ತಿರುತ್ತದೆ, ಆ ನೀರು ವೇದಾ ಹಳ್ಳವಾಗಿ ಇಳಿದು ಕೆರೆ ಸೇರುತ್ತದೆ. ಹಾಗಾಗಿ ಕಡೂರಿನ ಹವಾಮಾನ ನೋಡಿ ‘ಮಳೆಯೇ ಇಲ್ಲ, ಕೆರೆ ಬತ್ತಿರಬೇಕು’ ಅಂದುಕೊಳ್ಳಬೇಡಿ. ಒಳ್ಳೆಯ ಮಳೆಗಾಲದಲ್ಲಿ ಜುಲೈ, ಆಗಸ್ಟ್ ಹೊತ್ತಿಗೆ ಕೆರೆ ತುಂಬಿ ಕೋಡಿ ಬೀಳುತ್ತದೆ, ಊರಿನವರು ಬಾಗಿನ ಬಿಡುತ್ತಾರೆ. ನೋಡಲು ಬರುವವರಿಗೆ ನಾನು ಹೇಳುವುದು ಅಕ್ಟೋಬರ್‌ನಿಂದ ಜನವರಿ. ನೀರೂ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಏಪ್ರಿಲ್‌ನಲ್ಲಿ ಬಂದು ‘ಫೋಟೊದಲ್ಲಿ ಕಂಡಂತಿಲ್ಲ’ ಎಂದರೆ ನಾವೇನು ಮಾಡೋಣ? ನೀರು ತೋಟ ಗದ್ದೆಗಳಿಗೆ ಹೋಗಿರುತ್ತದೆ. ಕೆರೆ ಇರುವುದೇ ಅದಕ್ಕೆ.

ಪ್ರವಾಸ ಪುಟಗಳು ಮರೆಯುವ ಸಂಗತಿಯೂ ಇದೇ. ಎರಡೂ ಜನರು ಕಟ್ಟಿದ ಕೆರೆಗಳು, ಇಂದಿಗೂ ದುಡಿಯುತ್ತಿರುವ ಕೆರೆಗಳು. ಹಿರೇಕೊಳಲೆಯ ನೀರನ್ನು ಚಿಕ್ಕಮಗಳೂರು ನಗರ ಕುಡಿಯುತ್ತದೆ. ಅಯ್ಯನಕೆರೆಯನ್ನು ಕಟ್ಟಿಸಿದವನು ಸಖರಾಯಪಟ್ಟಣದ ರುಕ್ಮಾಂಗದರಾಯ ಎಂದು ಹೇಳುತ್ತಾರೆ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಅದರ ಜೀರ್ಣೋದ್ಧಾರ ಆಯಿತು. ಇಲ್ಲಿಂದ ಹೊರಟ ವೇದಾ ಮುಂದೆ ಅವತಿ ಹೊಳೆಯನ್ನು ಕೂಡಿಕೊಂಡು ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತದೆ. 1933ರ ನಂತರ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂದು ಚಿತ್ರದುರ್ಗದವರು ಸಂಭ್ರಮಪಟ್ಟ ನೀರಿನಲ್ಲಿ ನಮ್ಮ ಗುಡ್ಡದ ಪಾಲೂ ಇತ್ತು.

ಈ ಕೆರೆಗೆ ಒಂದು ಕಥೆಯಿದೆ, ಮಕ್ಕಳಿಗೆ ಏರಿಯ ಮೇಲೇ ಹೇಳಬಹುದು. ಕೆರೆ ಒಡೆಯುವ ಹೊತ್ತು ಬಂದಾಗ ಕೆರೆಯ ದೇವತೆ ನೀರಗಂಟಿಗೆ, ಅಂದರೆ ಕೆರೆಯ ನೀರು ನೋಡಿಕೊಳ್ಳುವವನಿಗೆ, ಪ್ರತ್ಯಕ್ಷಳಾದಳಂತೆ. ‘ದೊರೆಯ ಅಪ್ಪಣೆ ಪಡೆದು ಬರುವವರೆಗೆ ತಡಿ ತಾಯೀ’ ಎಂದು ಅವಳಿಂದ ಭಾಷೆ ತೆಗೆದುಕೊಂಡು ಅವನು ಪಟ್ಟಣಕ್ಕೆ ಓಡಿದ. ಸಂಗತಿ ಕೇಳಿದ ದೊರೆ, ಇವನು ಹಿಂದಿರುಗದಿದ್ದರೆ ಕೆರೆ ಎಂದಿಗೂ ಒಡೆಯುವುದಿಲ್ಲ ಎಂದು ಲೆಕ್ಕ ಹಾಕಿ ಅವನನ್ನು ಅಲ್ಲೇ ಕೊಲ್ಲಿಸಿದ. ಕ್ರೂರ ಕಥೆ. ನನಗಂತೂ ಆ ದೊರೆಯ ಜಾಣತನದ ಮೇಲೆ ಗೌರವ ಹುಟ್ಟಿಲ್ಲ.

ಈಗ ಜಿಲ್ಲಾಡಳಿತಕ್ಕೆ ಒಂದು ಮಾತು. 2025ರ ಸೆಪ್ಟೆಂಬರ್ 1ರಿಂದ ಗಿರಿ ಭಾಗಕ್ಕೆ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿ, ಬೆಳಗ್ಗೆ ಮತ್ತು ಮಧ್ಯಾಹ್ನ ತಲಾ 600 ವಾಹನಗಳಿಗಷ್ಟೇ ಅವಕಾಶ ಕೊಟ್ಟದ್ದು ಸರಿಯಾದ ಕ್ರಮ. ಆದರೆ ಸ್ಲಾಟ್ ಸಿಗದವರು ಮನೆಗೆ ವಾಪಸ್ ಹೋಗುವುದಿಲ್ಲ, ಕೆರೆಯ ಕಡೆ ಸ್ಟಿಯರಿಂಗ್ ತಿರುಗಿಸುತ್ತಾರೆ. ಏರಿಯ ಮೇಲೇ ಕಾರು ನಿಲ್ಲಿಸುತ್ತಾರೆ, ಡೋರ್ ತೆಗೆದು ಹಾಡು ಹಾಕುತ್ತಾರೆ, ಬಾಟಲಿ ಒಡೆದು ಹೋಗುತ್ತಾರೆ. ಆ ಗಾಜು ಕೊನೆಗೆ ಸಿಗುವುದು ಬರಿಗಾಲಲ್ಲಿ ನೀರು ಕಟ್ಟಲು ಹೋದವನ ಅಂಗಾಲಿಗೆ. ಕಾಲುವೆಗೆ ನೀರು ಬಿಡುವ ತೂಬು ತೆರೆದಿರುವಾಗ ಅದರ ಬಳಿ ನೀರಿಗೆ ಸೆಳೆತ ಇರುತ್ತದೆ ಎಂಬುದು ಮೇಲಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ಕೋಡಿಯ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ರೀಲ್ಸ್ ಮಾಡುವವರು ಅಲ್ಲೇ ನಿಲ್ಲುತ್ತಾರೆ.

ದೊಡ್ಡ ಯೋಜನೆ ಏನೂ ಬೇಡ. ಬೋಟಿಂಗ್, ಗಾಜಿನ ಸೇತುವೆ ಇತ್ಯಾದಿ ದಯವಿಟ್ಟು ಬೇಡವೇ ಬೇಡ. ಏರಿಗೆ ಮೊದಲೇ ವಾಹನ ತಡೆಯುವ ಒಂದು ಗೇಟು, ಅಲ್ಲೇ ಪಾರ್ಕಿಂಗ್, ಹೆಂಗಸರಿಗೂ ಬಳಸಲು ಯೋಗ್ಯವಾದ ಶೌಚಾಲಯ, ತೂಬು ಮತ್ತು ಕೋಡಿಯ ಬಳಿ ಎಚ್ಚರಿಕೆ ಫಲಕ, ಶನಿವಾರ ಭಾನುವಾರ ಇಬ್ಬರು ಗೃಹರಕ್ಷಕರು. ಪಾರ್ಕಿಂಗ್ ಶುಲ್ಕವನ್ನು ಗ್ರಾಮ ಪಂಚಾಯಿತಿಗೇ ಬಿಟ್ಟರೆ ಕಸ ಎತ್ತಿಸುವ ಖರ್ಚಿಗಾದರೂ ಆಗುತ್ತದೆ.

ನಿಮ್ಮಲ್ಲಿ ಕೇಳಿಕೊಳ್ಳುವುದೂ ಒಂದಿದೆ. ಮಳೆಗಾಲದಲ್ಲಿ ಲಿಂಗನಮಕ್ಕಿ, ಭದ್ರಾ, ಕೆಆರ್‌ಎಸ್ ನೀರಿನ ಮಟ್ಟ ದಿನವೂ ಅಚ್ಚಾಗುತ್ತದಲ್ಲ, ಆ ಅಂಕಣದ ಕೆಳಗೆ ವಾರಕ್ಕೊಮ್ಮೆಯಾದರೂ ಅಯ್ಯನಕೆರೆ, ಮದಗದಕೆರೆ, ಹಿರೇಕೊಳಲೆಗಳ ಸ್ಥಿತಿಯನ್ನೂ ಒಂದೊಂದು ಸಾಲಿನಲ್ಲಿ ಹಾಕಿ. ಪ್ರವಾಸಿಗರಿಗೆ ಯಾವಾಗ ಹೊರಡಬೇಕು ಎಂಬುದು ತಿಳಿಯುತ್ತದೆ, ನಮಗೆ ಈ ಬಾರಿ ಏನು ನಾಟಿ ಮಾಡಬೇಕು ಎಂಬುದು.

ಇಂತಿ,
ಅಚ್ಚುಕಟ್ಟಿನ ರೈತ
ಸಖರಾಯಪಟ್ಟಣ ಹೋಬಳಿ, ಕಡೂರು ತಾಲ್ಲೂಕು