ಸ್ಕ್ಯಾನಿಂಗ್ ಸರಿಯಿದ್ದರೆ ಸಾಲದು, ಮೂತ್ರದ ಪಾಡನ್ನೂ ಅಳೆಯಿರಿ

ಮಾನ್ಯ ಸಂಪಾದಕರೇ,

ಅಡಿಕೆ ಮರದಿಂದಲೋ ಬೈಕಿನಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಮರುತಪಾಸಣೆಗೆ ಬಂದಾಗ ಸಾಮಾನ್ಯವಾಗಿ ಹೊಟ್ಟೆಯ ಸ್ಕ್ಯಾನಿಂಗ್, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಮೂತ್ರ ಪರೀಕ್ಷೆ ಆಗುತ್ತದೆ. ಮೂರೂ ಸರಿಯಿದ್ದರೆ ‘ಆರು ತಿಂಗಳು ಬಿಟ್ಟು ಬನ್ನಿ’ ಎಂದು ಚೀಟಿ ಬರೆದುಕೊಡುತ್ತಾರೆ. ಮೂತ್ರಪಿಂಡ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು, ಪೆಟ್ಟಿನಿಂದ ಮೂತ್ರದ ಮೇಲೆ ಹಿಡಿತ ತಪ್ಪಿ, ಬಟ್ಟೆ ಒದ್ದೆಯಾದೀತೆಂದು ಬಸ್ಸು ಹತ್ತುವುದನ್ನೇ ಬಿಟ್ಟಿದ್ದಾರೆಯೇ, ರಾತ್ರಿ ಎಷ್ಟು ಸಲ ಏಳುತ್ತಾರೆ ಎಂಬುದು ಯಾವ ವರದಿಯಲ್ಲೂ ಇರುವುದಿಲ್ಲ. ಅದನ್ನು ಕೇಳಿ, ಅಂಕಿಯಲ್ಲಿ ಬರೆದಿಡಬೇಕು.

ಇದಕ್ಕೆ ಸಾಧನಗಳಿವೆ. 2001ರಲ್ಲಿ ಪ್ರಕಟವಾದ ಕ್ವಾಲಿವೀನ್ ಎಂಬ ಪ್ರಶ್ನಾವಳಿ ಬೆನ್ನುಹುರಿ ಪೆಟ್ಟಾದವರಿಗೆಂದೇ ಸಿದ್ಧವಾದದ್ದು. ಅದರಲ್ಲಿ 30 ಪ್ರಶ್ನೆಗಳು. ಚಿಕ್ಕ ರೂಪದಲ್ಲಿ 8. ಮೂತ್ರದ ಸಮಸ್ಯೆಯಿಂದಾಗುವ ಕಿರಿಕಿರಿ, ದಿನಚರಿಗೆ ಬೀಳುವ ಕಟ್ಟು, ಭಯ, ಮನಸ್ಸಿನ ನೋವು ಎಂದು ನಾಲ್ಕು ಭಾಗ. ಪ್ರತಿ ಉತ್ತರಕ್ಕೆ 0ಯಿಂದ 4 ಅಂಕ. ಅಂಕ ಏರಿದಷ್ಟೂ ಬದುಕಿಗೆ ಹೊಡೆತ ಹೆಚ್ಚು. ಚಿಕ್ಕ ರೂಪಕ್ಕೆ ಹತ್ತು ನಿಮಿಷ ಧಾರಾಳ ಸಾಕು.

ಅಂಕವೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಜೊತೆಗೆ ಮೂರು ದಿನದ ಮೂತ್ರದ ದಿನಚರಿ ಬೇಕು. ಒಂದು ಲೀಟರಿನ ಅಳತೆ ಜಾರ್, ಗೆರೆ ಎಳೆದ ಒಂದು ಹಾಳೆ, ಅಷ್ಟೇ. ಗಂಟೆ, ಕುಡಿದದ್ದು ಎಷ್ಟು, ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿದಾಗ ಬಂದದ್ದು ಎಷ್ಟು, ನಡುವೆ ಸೋರಿತೇ ಎಂದು ನಾಲ್ಕು ಮನೆ. ದಿನಕ್ಕೆ 4ರಿಂದ 6 ಸಲ ಹಾಕಿಕೊಳ್ಳುವವರಿಗೆ ಪ್ರತಿ ಸಲ 500 ಮಿ.ಲೀ. ದಾಟಬಾರದು. ದಾಟುತ್ತಿದ್ದರೆ ಅಂತರ ಕಡಿಮೆ ಮಾಡಬೇಕು ಅಥವಾ ಕುಡಿಯುವ ಹೊತ್ತು ಬದಲಿಸಬೇಕು. 200 ಮಿ.ಲೀ. ತುಂಬುವಷ್ಟರಲ್ಲೇ ಸೋರುತ್ತಿದ್ದರೆ ಮೂತ್ರಕೋಶ ತಾನೇ ಹಿಂಡಿಕೊಳ್ಳುತ್ತಿರಬಹುದು. ಆಗ ಒಳಒತ್ತಡ ಅಳೆಯುವ ಯುರೋಡೈನಾಮಿಕ್ ಪರೀಕ್ಷೆ ಬೇಕು. ಆ ಒತ್ತಡ 40 ಸೆಂ.ಮೀ. ನೀರಿನ ಮಟ್ಟ ಮೀರಿದರೆ ಮೂತ್ರಪಿಂಡಕ್ಕೆ ಅಪಾಯ.

ಈ ಹಾಳೆಯಲ್ಲಿ ನಾವು ಮೊದಲು ನೋಡುವುದು ಕುಡಿದ ನೀರಿನ ಸಾಲನ್ನು. ‘ಒಮ್ಮೆಯೂ ಸೋರಿಲ್ಲ’ ಎಂದವರು ಇಡೀ ದಿನ ಮೂರೇ ಲೋಟ ಕುಡಿದಿರುತ್ತಾರೆ. ಮನೆಯಿಂದ ಹೊರಗೇ ಹೋಗದವರಿಗೆ ಹೊರಗೆ ಒದ್ದೆಯಾಗುವ ಪ್ರಸಂಗವೇ ಬರುವುದಿಲ್ಲ. ಅದನ್ನು ಸುಧಾರಣೆ ಎಂದು ಬರೆದುಕೊಳ್ಳಬಾರದು.

ಇನ್ನೂ ಕೆಲವು ತಪ್ಪುಗಳಿವೆ. ಹೆಂಡತಿಯೋ ಅತ್ತೆಯೋ ಪಕ್ಕದಲ್ಲೇ ನಿಂತಿದ್ದರೆ ನಿಜವಾದ ಉತ್ತರ ಬರುವುದಿಲ್ಲ. ಅವರೇ ಉತ್ತರ ಕೊಡುವುದೂ ಉಂಟು. ಓದು ಬಾರದವರಿಗೆ ಶುಶ್ರೂಷಕರು ಪ್ರಶ್ನೆಯನ್ನು ಇದ್ದಂತೆಯೇ ಓದಿ ಹೇಳಬೇಕು, ವಿವರಿಸಲು ಹೋಗಿ ಉತ್ತರ ಸೂಚಿಸಬಾರದು. ಮೂತ್ರದ ಸೋಂಕಿನಿಂದ ಜ್ವರ ಬಂದ ವಾರದ ಅಂಕವನ್ನು ಬೇರೆ ದಿನದ್ದರ ಜೊತೆ ಹೋಲಿಸಬಾರದು. ಸದಾ ಒಳಗಿರುವ ಕ್ಯಾತಿಟರ್, ಶಿಶ್ನದ ಮೇಲೆ ತೊಡಿಸುವ ಕಾಂಡೋಮ್ ಕ್ಯಾತಿಟರ್, ಡೈಪರ್, ಇವುಗಳಲ್ಲಿ ಯಾವುದು ಎಂದು ಅಂಕದ ಪಕ್ಕದಲ್ಲೇ ಬರೆಯಬೇಕು. ಮಹಿಳೆಯರಿಗೆ ಕಾಂಡೋಮ್ ಕ್ಯಾತಿಟರಿನ ದಾರಿಯೇ ಇಲ್ಲ ಎಂಬುದನ್ನು ನಾವೇ ಎಷ್ಟೋ ಸಲ ಮರೆಯುತ್ತೇವೆ. ಒಟ್ಟು ಸರಾಸರಿಯನ್ನಷ್ಟೇ ಬರೆದರೂ ಸಾಲದು: ಸೋರಿಕೆ ನಿಂತು ಭಯ ಏರಿದ್ದರೆ ಸರಾಸರಿ ಇದ್ದಲ್ಲೇ ಇರಬಹುದು.

ಭಯದ ಅಂಕ ಹೆಚ್ಚಿದ್ದರೆ ಕಾರಣ ಕೇಳಲೇಬೇಕು. ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಮೂತ್ರಕೋಶ ತುಂಬಿದಾಗ ರಕ್ತದೊತ್ತಡ ಒಮ್ಮೆಲೇ ಏರಿ, ತಲೆ ಸಿಡಿಯುವಂತೆ ನೋಯಬಹುದು, ಮುಖ ಕೆಂಪೇರಿ ಬೆವರಬಹುದು. ಇದು ಪ್ರಾಣಕ್ಕೇ ಎರವಾಗಬಹುದು. ತಕ್ಷಣ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ನಳಿಕೆ ಮಡಚಿದೆಯೇ ಕಟ್ಟಿಕೊಂಡಿದೆಯೇ ನೋಡಿ, ಮೂತ್ರ ಹೊರಹೋಗುವಂತೆ ಮಾಡಬೇಕು; ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು.

ಭಾಷೆಯದು ಬೇರೆಯೇ ಸಮಸ್ಯೆ. ‘ಮೂತ್ರದ ತೊಂದರೆ ಇದೆಯೇ’ ಎಂದರೆ ಉರಿಮೂತ್ರವೆಂದು ತಿಳಿದು ‘ಇಲ್ಲ’ ಎನ್ನುವವರಿದ್ದಾರೆ. ಹಕ್ಕುದಾರರ ಅನುಮತಿ ಪಡೆದು ಪ್ರಶ್ನಾವಳಿಯನ್ನು ಇಬ್ಬರು ಬೇರೆಬೇರೆಯಾಗಿ ಕನ್ನಡಿಸಬೇಕು, ಮೂಲ ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಬೇಕು. ಆಮೇಲೆ ಗಾಲಿಕುರ್ಚಿಯಲ್ಲಿರುವವರಿಗೇ ಓದಿ ಹೇಳಿ ‘ನಿಮಗೆ ಏನು ಅರ್ಥವಾಯಿತು’ ಎಂದು ಕೇಳಬೇಕು. ಮೋರಿ ಬದಿಯಲ್ಲಿ ಯೂರಿನ್ ಬ್ಯಾಗ್ ಖಾಲಿ ಮಾಡುವ ಮುಜುಗರ ಅವರಿಗೆ ಗೊತ್ತು, ಅನುವಾದಕರಿಗೆ ಗೊತ್ತಿರುವುದಿಲ್ಲ.

ಜಿಲ್ಲಾಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳು ಪ್ರಶ್ನಾವಳಿ ಮತ್ತು ದಿನಚರಿ, ಈ ಎರಡು ಹಾಳೆಗಳನ್ನು ಕೇಸ್ ಫೈಲಿಗೆ ಸೇರಿಸಲಿ. ಮನೆಗೆ ಕಳಿಸುವ ದಿನ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತುಂಬಿಸಲಿ. ಔಷಧಿಯನ್ನೋ ಕ್ಯಾತಿಟರ್ ವಿಧಾನವನ್ನೋ ಬದಲಿಸಿದಾಗ, ಬದಲಿಸುವ ಮೊದಲೂ ನಂತರವೂ ಅದೇ ಪ್ರಶ್ನೆಗಳನ್ನು ಕೇಳಲಿ.

– ಬೆನ್ನುಹುರಿ ಪುನಶ್ಚೇತನ ವಿಭಾಗವೊಂದರ ವೈದ್ಯರು ಮತ್ತು ಶುಶ್ರೂಷಕರು